ಗೋಡೆಯಾಚೆಯ ನಾಲ್ಕು ಟ್ರೇ ಬ್ಯಾಂಡು

ಇವರ ಜೊತೆ ಯಾವ ಮಾತು ತೆಗೆದರೂ ಅದು ಸುತ್ತಿ ಬಳಸಿ ಬಂದು ನಿಲ್ಲುತ್ತಿದ್ದುದು ಒಂದೇ ಕಡೆ. ಹೋದ ವರ್ಷ ಹಲ್ಲಿನ ಡಾಕ್ಟರು ಬಾಯಿ ತೆರೆಸಿ, “ಈ ದವಡೆ ಹಲ್ಲು ಯಾವಾಗಿಂದ ನೋಯ್ತಿದೆ?” ಎಂದು ಕೇಳಿದರೆ, ಇವರು ಬಾಯೊಳಗಿನ ಹತ್ತಿಯನ್ನು ನಾಲಗೆಯಿಂದ ಪಕ್ಕಕ್ಕೆ ಸರಿಸಿ, “ನಮ್ಮ ಪಕ್ಕದ ಹಾಲ್‌ಗೆ ರಾಕ್ ಬ್ಯಾಂಡುಗಳು ಬರ್ತಿದ್ವಲ್ಲ ಡಾಕ್ಟ್ರೇ, ಆಗಿಂದ. ಒಂದಕ್ಕೂ ಹೋಗಕ್ಕಾಗ್ಲಿಲ್ಲ. ಹಲ್ಲು ಕಡಿದೂ ಕಡಿದೂ ಹೀಗಾಗಿದೆ” ಎಂದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಗೆ ತೂಗುಹಾಕಿದ್ದ ದವಡೆಯ ಚಿತ್ರ ನೋಡುತ್ತ ಕೂತೆ. ಮೂವತ್ತು ವರ್ಷದ ಸಂಸಾರದಲ್ಲಿ ಎಲ್ಲಿ ನೋಡಬೇಕು ಎಂಬುದನ್ನಾದರೂ ಕಲಿತಿದ್ದೇನೆ.

ನಮ್ಮದು ಬೇಕರಿ. ಇವರ ತಾತ ಶುರುಮಾಡಿದ್ದು, ಮಾವ ಬೆಳೆಸಿದ್ದು. ಈಗ ಇವರು ಒಳಗೆ ಹಿಟ್ಟು ನಾದುತ್ತಾರೆ, ನಾನು ಮುಂದೆ ಕೌಂಟರಿನಲ್ಲಿ ಕೂರುತ್ತೇನೆ. ಬೇಕರಿಯ ಹಿಂದೆ ಊರಿನ ದೊಡ್ಡ ಸಭಾಂಗಣ. ಎರಡಕ್ಕೂ ನಡುವೆ ಇರುವುದು ಒಂದೇ ಗೋಡೆ. ಈ ಕಡೆಯ ಸುಣ್ಣ ನಮ್ಮದು, ಆ ಕಡೆಯ ಬಣ್ಣ ಅವರದು. ಇವರ ಜೀವಮಾನದ ದುಃಖವೆಲ್ಲ ಆ ಒಂದು ಗೋಡೆಯಿಂದ ಬಂದದ್ದು.

ಅದು ಹೇಗೆ ಎಂದು ತಿಳಿಯಬೇಕಾದರೆ ಬನ್ನಿನ ವಿಷಯ ಸ್ವಲ್ಪ ಹೇಳಬೇಕು. ಮಧ್ಯಾಹ್ನ ಹಿಟ್ಟು ನಾದಿ, ಸಂಜೆ ಉಂಡೆ ಕಟ್ಟಿ, ಟ್ರೇಗಳಲ್ಲಿ ಜೋಡಿಸಿ, ಆ ಗೋಡೆಗೆ ಬಡಿದ ಉದ್ದುದ್ದ ಹಲಗೆಗಳ ಮೇಲೆ ಸಾಲಾಗಿ ಇಡುವುದು ನಮ್ಮ ಪದ್ಧತಿ. ಭಟ್ಟಿ ಎದುರು ಗೋಡೆಯಲ್ಲಿದೆ, ಹಾಗಾಗಿ ಈ ಗೋಡೆ ತಂಪು. ತಂಪಿನಲ್ಲಿ ಹಿಟ್ಟು ಅವಸರವಿಲ್ಲದೆ ಉಬ್ಬಿ, ಬೆಳಗಿನ ಜಾವ ಭಟ್ಟಿಗೆ ಹೋಗುವ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಹಾಗೆ ಉಬ್ಬಿ ನಿಂತ ಹಿಟ್ಟಿನಷ್ಟು ಮುಂಗೋಪಿ ಪದಾರ್ಥ ಇನ್ನೊಂದಿಲ್ಲ. ಯಾರಾದರೂ ಹಲಗೆಗೆ ಮೊಣಕೈ ತಾಗಿಸಿದರೂ ಪುಸ್ಸೆಂದು ಕೂತುಬಿಡುತ್ತದೆ. ಆಮೇಲೆ ಏನು ಮಾಡಿದರೂ ಮೊದಲಿನ ಹಾಗೆ ಏಳುವುದಿಲ್ಲ.

ಅಂಥ ಗೋಡೆಯ ಆಚೆ ಡ್ರಮ್ಮು ಬಾರಿಸಿದರೆ ಏನಾಗಬೇಕು?

ಇವರಿಗೆ ಮೀಸೆ ಮೂಡುವ ವಯಸ್ಸಿಗೆ ಸರಿಯಾಗಿ ಸಭಾಂಗಣಕ್ಕೆ ರಾಕ್ ಬ್ಯಾಂಡುಗಳು ಬರತೊಡಗಿದವಂತೆ. ಮೊದಲ ಕಾರ್ಯಕ್ರಮದ ಮಾರನೆಯ ಬೆಳಿಗ್ಗೆ ಇಡೀ ಊರಿಗೆ ಚಪ್ಪಟೆ ಬನ್ನು. ಮಾವ ಒಂದು ಟ್ರೇಯನ್ನು ಹಾಗೇ ಹೊತ್ತುಕೊಂಡು ಹೋಗಿ ಸಭಾಂಗಣದ ಮ್ಯಾನೇಜರರ ಮೇಜಿನ ಮೇಲೆ ಇಟ್ಟರು. ದೊಡ್ಡ ಜಗಳವಾಗಿ, ಕೊನೆಗೆ ಒಂದು ಒಪ್ಪಂದವಾಯಿತು. ಗದ್ದಲದ ಕಾರ್ಯಕ್ರಮ ಯಾವಾಗ ಎಂದು ಮ್ಯಾನೇಜರು ಮುಂಚಿತವಾಗಿ ಹೇಳಿ ಕಳಿಸಬೇಕು, ಆ ದಿನ ನಾವು ಟ್ರೇಗಳನ್ನು ಬೇಕರಿಗೆ ಅಂಟಿಕೊಂಡೇ ಇರುವ ಮನೆಯೊಳಗೆ ಸಾಗಿಸಿಕೊಳ್ಳಬೇಕು. ಹಾಗಾಗಿ ಯಾವ ಬ್ಯಾಂಡು ಯಾವತ್ತು ಬರುತ್ತದೆ ಎಂಬುದು ಊರಿನ ಗೋಡೆಗಳಿಗೆ ಪೋಸ್ಟರು ಬೀಳುವ ಮೊದಲೇ ನಮ್ಮ ಮನೆಗೆ ಗೊತ್ತಾಗುತ್ತಿತ್ತು. ಎಲ್ಲರಿಗಿಂತ ಮೊದಲು ಸುದ್ದಿ ಸಿಗುತ್ತಿದ್ದುದು ಇವರಿಗೆ, ಹೋಗಲಾಗದವರೂ ಇವರೊಬ್ಬರೇ. ಹೊಟ್ಟೆ ಉರಿಯದೆ ಇನ್ನೇನಾದೀತು ಹೇಳಿ.

ಯಾಕೆಂದರೆ ಆ ಸಂಜೆಗಳಲ್ಲಿ ಮನೆಯ ಮಂಚಗಳ ಮೇಲೆ ಟ್ರೇ, ಊಟದ ಮೇಜಿನ ಮೇಲೆ ಟ್ರೇ, ಹೊಲಿಗೆ ಯಂತ್ರದ ಮೇಲೆ ಟ್ರೇ. ಒಳಗಿನ ಕೋಣೆಗಳು ಸೆಕೆ. ಹಿಟ್ಟು ಎದ್ದೂಬಿದ್ದೂ ಉಬ್ಬಲು ನೋಡುತ್ತಿತ್ತು. ಯಾರಾದರೂ ಒಬ್ಬರು ಒದ್ದೆ ಬಟ್ಟೆ ಹಿಡಿದುಕೊಂಡು ಕೋಣೆಯಿಂದ ಕೋಣೆಗೆ ಓಡಾಡಬೇಕು, ಕಿಟಕಿ ತೆಗೆಯಬೇಕು, ಮುಚ್ಚಬೇಕು, ಕಿಟಕಿಯ ಹತ್ತಿರದ ಟ್ರೇಯನ್ನು ಮೂಲೆಗೆ, ಮೂಲೆಯದನ್ನು ಕಿಟಕಿಗೆ ತರಬೇಕು. ಆ ಯಾರಾದರೂ ಒಬ್ಬರು ಎಂದರೆ ಇವರೇ.

ಒಮ್ಮೆ ಧೈರ್ಯ ಮಾಡಿ ಕೇಳಿದ್ದರಂತೆ. “ಅಪ್ಪಾ, ಇವತ್ತೊಂದಿನ ಹೋಗಿ ಬರ್ಲಾ?”

ಮಾವ ತಲೆ ಎತ್ತದೆ ಹೇಳಿದರಂತೆ, “ಹೋಗಪ್ಪ, ಧಾರಾಳವಾಗಿ ಹೋಗು. ಹೋಗೋವಾಗ ಈ ಬನ್ನುಗಳನ್ನೂ ಕರ್ಕೊಂಡು ಹೋಗು.”

ಮಾವ ಕೆಟ್ಟವರೇನಲ್ಲ. ನಾನು ಸೊಸೆಯಾಗಿ ಬಂದ ಮೇಲೆ ನನಗೆ ಒಂದು ಗಡಸು ಮಾತು ಆಡಿದವರಲ್ಲ. ಆದರೆ ಬನ್ನಿನ ವಿಷಯಕ್ಕೆ ಬಂದರೆ ಹೆತ್ತ ಮಗನನ್ನೂ ಮರೆಯುತ್ತಿದ್ದರು. ಸಂಗೀತದಲ್ಲಿ ಅವರಿಗೆ ತಮ್ಮದೇ ಒಂದು ಅಳತೆ ಇತ್ತು. ಒಳಗೆ ಹಿಡಿಸದೆ ಉಳಿದ ಕೆಲವು ಟ್ರೇಗಳು ವಿಧಿಯಿಲ್ಲದೆ ಗೋಡೆಯ ಹಲಗೆಯ ಮೇಲೇ ಇರುತ್ತಿದ್ದವಲ್ಲ, ಅವುಗಳಲ್ಲಿ ಎಷ್ಟು ಕುಸಿದವು ಎಂದು ನೋಡಿ ಬ್ಯಾಂಡಿಗೆ ಹೆಸರಿಡುತ್ತಿದ್ದರು. ಒಂದು ಟ್ರೇ ಬ್ಯಾಂಡು ಎಂದರೆ ಕೈಯಲ್ಲಿ ಕಸುವಿಲ್ಲದವರು. ಎರಡು ಟ್ರೇ ಬ್ಯಾಂಡು ಪರವಾಗಿಲ್ಲ. ಒಂದೇ ಒಂದು ಬ್ಯಾಂಡು ಮಾತ್ರ ಪ್ರತಿಸಲವೂ ನಾಲ್ಕು ಟ್ರೇ ಮಲಗಿಸಿ ಹೋಗುತ್ತಿತ್ತು. ಇದೇ ಊರಿನ ನಾಲ್ವರು ಹುಡುಗರು. ರೆಕಾರ್ಡು ಮಾಡಲಿಲ್ಲ, ಕ್ಯಾಸೆಟ್ಟು ತರಲಿಲ್ಲ, ಕೆಲವು ವರ್ಷ ಈ ಸಭಾಂಗಣದಲ್ಲಿ ಕುಣಿದು, ಮದುವೆ ಮಕ್ಕಳು ಅಂತ ಚದುರಿಹೋದರು. ಅವರು ನಾಲ್ಕು ಟ್ರೇ ಬ್ಯಾಂಡಿನವರು. ಇವರಿಗೆ ಪ್ರಾಣ ಎಂದರೆ ಅವರೇ.

ಮಂಚದ ಮೇಲೆ ಬನ್ನು ಮಲಗಿರುವಾಗ ಇವರು ಮಲಗಬೇಕಾದರೆ ಮೈದಾ ಮೂಟೆಗಳೇ ಗತಿ. ಮೂಟೆಗಳು ಆ ಗೋಡೆಗೆ ಒರಗಿರುತ್ತಿದ್ದವು. ಒಂದು ಸುತ್ತು ಬಟ್ಟೆ ಒದ್ದೆಮಾಡಿ ಬಂದು, ಇನ್ನೊಂದು ಸುತ್ತಿಗೆ ಏಳುವವರೆಗೆ ಮೂಟೆಯ ಮೇಲೆ ಬಿದ್ದುಕೊಂಡು ಗೋಡೆಗೆ ಕಿವಿ ಹಚ್ಚುತ್ತಿದ್ದರು. ಹಾಗೆ ಕೇಳಿದ್ದು ಇವರ ಪಾಲಿನ ರಾಕ್ ಸಂಗೀತ.

ಮನೆಯಲ್ಲಿ ಇನ್ನೊಬ್ಬ ಮಗನೂ ಇದ್ದ ಎಂಬುದು ಗಾಯಕ್ಕೆ ಹಚ್ಚಿದ ಉಪ್ಪು. ಭಾವ, ಅಂದರೆ ಇವರ ಅಣ್ಣ. ಅವರಿಗೆ ಮೈದಾ ಧೂಳು ಆಗುತ್ತಿರಲಿಲ್ಲ. ಚೀಲದ ಬಾಯಿ ಬಿಚ್ಚಿದರೆ ಸಾಕು, ಕಣ್ಣಲ್ಲಿ ನೀರು ಬರುವ ಹಾಗೆ ಕೆಮ್ಮು. ಹಾಗಾಗಿ ಅವರನ್ನು ಬೇಕರಿಯಿಂದ ದೂರವಿಟ್ಟು ಓದಿಸಿದರು. ಮುಂದೆ ವಿಮಾ ಕಚೇರಿಯಲ್ಲಿ ಕುರ್ಚಿ ಸಿಕ್ಕಿತು. ಹೊಗೆಯಲ್ಲಿ ಮುಳುಗಿದ ಸಭಾಂಗಣದಲ್ಲಿ ಮೂರು ಗಂಟೆ ನಿಂತರೂ ಆ ಎದೆಗೆ ಒಂದು ಕೆಮ್ಮೂ ಬರುತ್ತಿರಲಿಲ್ಲ ಎಂಬುದನ್ನು ಮಾತ್ರ ಯಾವ ಡಾಕ್ಟರೂ ವಿವರಿಸಲಿಲ್ಲ. ಒಂದು ಕಾರ್ಯಕ್ರಮವನ್ನೂ ಬಿಟ್ಟವರಲ್ಲ ಭಾವ. ಮಾರನೆಯ ಬೆಳಿಗ್ಗೆ ನಿದ್ದೆಗೆಟ್ಟ ತಮ್ಮನ ಎದುರು ಕೂತು, ಅವನು ಬೇಯಿಸಿದ ಬಿಸಿ ಬನ್ನನ್ನೇ ಮುರಿದು ತಿನ್ನುತ್ತ, “ನೀನು ನೋಡ್ಬೇಕಿತ್ತು ಕಣೋ!” ಎನ್ನುತ್ತಿದ್ದರಂತೆ. ಆ ಮಾತಿಗೆ ಕೊಲೆಯಾಗಲಿಲ್ಲ ಎಂದರೆ ನಮ್ಮವರ ತಾಳ್ಮೆ ಎಷ್ಟಿರಬೇಕು ನೋಡಿ.

ಅಷ್ಟೆಲ್ಲ ನೋಡಿದ ಮನುಷ್ಯನಿಗೆ ಆಮೇಲೆ ಏನಾದರೂ ನೆನಪಿತ್ತೇ? ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಇವರು ಕೇಳಿದರು. “ಅಣ್ಣ, ಆ ನಾಲ್ಕು ಟ್ರೇಯವರು ಕೊನೇಲಿ ಹಾಡ್ತಿದ್ರಲ್ಲ, ನಿಧಾನಕ್ಕೆ ಶುರುವಾಗೋದು, ಅದ್ರಲ್ಲಿ ಮಾತು ಏನಿತ್ತು?”

ಭಾವ ಯೋಚಿಸಿದರು. “ಕೊನೇಲಾ? ಅಯ್ಯೋ, ಯಾರಿಗೆ ನೆನಪಿದೆ ಕಣೋ. ನನ್ನ ಪಕ್ಕದಲ್ಲಿ ಕೆಂಪು ಸ್ವೆಟರ್ ಹಾಕ್ಕೊಂಡು ಒಬ್ಳು ನಿಂತಿದ್ಳು. ಅದು ಚೆನ್ನಾಗಿ ನೆನಪಿದೆ.”

ಇವರು ತಟ್ಟೆ ಬಿಟ್ಟು ಎದ್ದು ಹೋದರು. ಆ ದಿನದಿಂದ ಭಾವ ಬಂದಾಗಲೆಲ್ಲ ಇವರು ಮುಖ ಊದಿಸಿಕೊಂಡೇ ಇರುತ್ತಿದ್ದರು. ಕಾರಣ ಏನೆಂದು ಭಾವನಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನು ಆ ಹಾಡುಗಳ ಕಥೆ. ಮಧ್ಯಾಹ್ನ ಹಿಟ್ಟು ನಾದಲು ನಿಂತರೆ ಇವರಿಗೆ ಆ ಬ್ಯಾಂಡಿನ ಹಾಡು ಬರಬೇಕು. ಮಾತಿಲ್ಲ, ಬರೀ ಗುನುಗು. ಮುಷ್ಟಿ ಹಿಟ್ಟಿನ ಮೇಲೆ, ಮಧ್ಯೆ ಮಧ್ಯೆ ಅಂಗೈ ಮರದ ತೊಟ್ಟಿಯ ಅಂಚಿನ ಮೇಲೆ, ಧಬ್, ಧಬ್, ಧಬಾಧಬ್. ಮೇಲೆ ಮೂಗಿನಿಂದಲೂ ಗಂಟಲಿನಿಂದಲೂ ಹೊರಡುವ ಆ ರಾಗ. “ಇದು ಅವ್ರ ಮೂರನೇ ಹಾಡು”, “ಇದು ಕೊನೇದು” ಎಂದು ನನಗೆ ಪರಿಚಯ ಬೇರೆ. ಮೂವತ್ತು ವರ್ಷ, ವಾರದ ರಜೆ ಬಿಟ್ಟು ದಿನವೂ. ಮುಂದೆ ಕೌಂಟರಿನಲ್ಲಿ ನಾನು ಗಿರಾಕಿಗೆ ಚಿಲ್ಲರೆ ಕೊಡುವಾಗ ಹಿಂದಿನಿಂದ ಅದು ಹರಿದು ಬರುತ್ತಿತ್ತು. ನನಗೆ ತಲೆ ಚಿಟ್ಟುಹಿಡಿದು, “ರೀ, ಸ್ವಲ್ಪ ನಿಲ್ಸ್ತೀರಾ? ಫೋನಲ್ಲಿ ಏನೂ ಕೇಳ್ತಿಲ್ಲ!” ಎಂದು ಕೂಗುತ್ತಿದ್ದೆ. ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಶುರು. ಕಿವಿಗೆ ಹತ್ತಿ ಇಟ್ಟುಕೊಂಡದ್ದೂ ಉಂಟು, ರೇಡಿಯೋ ಜೋರು ಮಾಡಿದ್ದೂ ಉಂಟು.

ಮಾವ ತೀರಿಕೊಂಡ ಮೇಲೆ ಇವರನ್ನು ತಡೆಯುವವರು ಯಾರೂ ಇರಲಿಲ್ಲ. ಆದರೆ ಅಷ್ಟರಲ್ಲಿ ಸಭಾಂಗಣಕ್ಕೆ ಬ್ಯಾಂಡುಗಳು ಬರುವುದೇ ನಿಂತಿತ್ತು. ಸೋಫಾ ಪ್ರದರ್ಶನ, ಕನ್ನಡಕದ ಶಿಬಿರ, ತೆರಿಗೆ ಬಗ್ಗೆ ಭಾಷಣ. ಒಂದರಿಂದಲೂ ಒಂದು ಬನ್ನೂ ಕುಸಿಯಲಿಲ್ಲ. ಇವರು ಪ್ರತಿ ಸಂಜೆ ಟ್ರೇಗಳನ್ನು ಹಲಗೆಯ ಮೇಲೆ ನೆಮ್ಮದಿಯಾಗಿ ಇಟ್ಟು, ಆ ನೆಮ್ಮದಿಗೇ ಸಿಟ್ಟಾಗುತ್ತಿದ್ದರು. “ನಂಗೆ ಬಿಡುವಿದ್ದಾಗ ಅವ್ರಿಲ್ಲ, ಅವ್ರಿದ್ದಾಗ ನಂಗೆ ಬಿಡುವಿಲ್ಲ. ಎಂಥ ಹಣೆಬರಹ ನೋಡು. ಬೇರೆ ಊರಲ್ಲಿ ಹುಟ್ಟಿದ್ರೆ ಅಷ್ಟು ದೂರ ಅಂತ ಸಮಾಧಾನ ಮಾಡ್ಕೋಬಹುದಿತ್ತು. ಒಂದು ಇಟ್ಟಿಗೆ ದೂರ ಕಣೇ, ಒಂದು ಇಟ್ಟಿಗೆ!” ಎನ್ನುತ್ತಿದ್ದರು.

ಕೆಲವು ತಿಂಗಳ ಹಿಂದೆ ಒಂದು ದಿನ ಸಭಾಂಗಣದ ಕಾವಲುಗಾರ ರಸ್ಕು ಕೊಳ್ಳಲು ಬಂದವನು ಸುದ್ದಿ ಹೇಳಿದ. “ಹಾಲ್ ಮಾರಿಬಿಟ್ರು ಅಕ್ಕಾ. ಕಾರು ನಿಲ್ಸೋ ಜಾಗ ಆಗತ್ತಂತೆ. ಮುಚ್ಚೋ ಮುಂಚೆ ಒಂದು ಕೊನೇ ಕಾರ್ಯಕ್ರಮ ಇಟ್ಕೊಂಡಿದಾರೆ. ನಮ್ಮೂರೋರೇ, ಹಿಂದೆ ಹಾಡ್ತಿದ್ರಲ್ಲ ನಾಲ್ಕು ಜನ, ಅವ್ರು ಮತ್ತೆ ಸೇರ್ತಾರಂತೆ.”

ಒಳಗೆ ಧಬ್ ಧಬ್ ನಿಂತಿತು. ಇವರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಾಗಿಲಿಗೆ ಬಂದರು. ಕಣ್ಣಲ್ಲಿ ನೀರು ತುಂಬಿಕೊಂಡು ಕುಣಿಯುತ್ತಾರೆ ಎಂದು ನಾನು ಕಾದರೆ, ಆ ಮನುಷ್ಯನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? “ಅವತ್ತು ಟ್ರೇ ಯಾರು ನೋಡ್ಕೊಳ್ತಾರೆ?”

ನನಗೆ ಪಿತ್ತ ನೆತ್ತಿಗೇರಿತು. “ಒಂದು ದಿನ ಅಂಗಡಿ ಮುಚ್ಚಿದ್ರೆ ಆಕಾಶ ಬೀಳಲ್ಲ” ಎಂದೆ. ಆಗುವುದಿಲ್ಲ, ಆಸ್ಪತ್ರೆಯ ಕ್ಯಾಂಟೀನಿಗೆ ಬೆಳಿಗ್ಗೆ ಬ್ರೆಡ್ಡು ಹೋಗಲೇಬೇಕು ಎಂದರು ಇವರು. ಹಿಂದಿನ ದಿನವೇ ಮಾಡಿಡಿ ಎಂದೆ. ಹಳಸಲು ಮಾಲು ಕಳಿಸುವುದಿಲ್ಲವಂತೆ. ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಬನ್ನಿ ಎಂದೆ. ಒಬ್ಬರೇ ಹೋಗಲು ಇವರಿಗೆ ಒಂಥರಾ. ಮೂವತ್ತು ವರ್ಷ ಅಪ್ಪನನ್ನು ದೂರಿದ ಮನುಷ್ಯ, ಅಪ್ಪನಿಲ್ಲದಿದ್ದರೂ ಅಪ್ಪನದೇ ಮಾತು ಆಡುತ್ತಿದ್ದಾರೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಎರಡು ದಿನ ಇದೇ ರಗಳೆಯಾಗಿ, ಮೂರನೆಯ ದಿನ ನಾನು ಯಾರನ್ನೂ ಕೇಳದೆ ಎರಡು ಟಿಕೆಟ್ಟು ತಂದೆ. ತಂದವಳೇ ಭಾವನಿಗೆ ಫೋನ್ ಮಾಡಿದೆ.

“ಭಾವ, ಈ ಶನಿವಾರ ಸಂಜೆ ನೀವು ಬೇಕರಿಯಲ್ಲಿ ಇರ್ಬೇಕು. ಟ್ರೇಗಳ ಮೇಲಿನ ಬಟ್ಟೆ ಒದ್ದೆ ಮಾಡ್ತಾ ಇರ್ಬೇಕು, ಅಷ್ಟೇ.”

“ನಂಗೆ ಮೈದಾ ಆಗಲ್ವಲ್ಲಮ್ಮ...”

“ಮೂಗಿಗೆ ಕರವಸ್ತ್ರ ಕಟ್ಕೊಳ್ಳಿ.”

ಶನಿವಾರ ಭಾವ ಮುಖಕ್ಕೆ ದೊಡ್ಡ ಕರವಸ್ತ್ರ ಕಟ್ಟಿಕೊಂಡು, ಬ್ಯಾಂಕು ದೋಚಲು ಬಂದವರ ಹಾಗೆ ಊಟದ ಕೋಣೆಯಲ್ಲಿ ಕೂತರು. ಇವರು ಯಾವ ಟ್ರೇ ಎಲ್ಲಿ, ಯಾವ ಕಿಟಕಿ ಯಾವಾಗ ಎಂದು ಮೂರು ಸಲ ಹೇಳಿ, ಹೊಸ ಷರಟು ಹಾಕಿಕೊಂಡು, ಅದು ಸರಿಯಿಲ್ಲವೆಂದು ತೆಗೆದು, ಹಳೆಯದು ಹಾಕಿಕೊಂಡು, ಕಿವಿಯ ಹಿಂದಿನ ಮೈದಾ ಮಾತ್ರ ಒರೆಸಿಕೊಳ್ಳದೆ ಹೊರಟರು. ಬೇಕರಿಯ ಮುಂಬಾಗಿಲಿನಿಂದ ಸಭಾಂಗಣದ ಮುಂಬಾಗಿಲಿಗೆ ಬೀದಿ ಸುತ್ತಿ ಹೋಗಬೇಕು. ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯ ದಿನ ಬಿಟ್ಟರೆ ಬೀದಿಯಲ್ಲಿ ಹಾಗೆ ಹಿಡಿದವರಲ್ಲ. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಒಳಗೆ ನಮ್ಮ ವಯಸ್ಸಿನವರೇ ಹೆಚ್ಚು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರು, ಮೊಮ್ಮಕ್ಕಳನ್ನು ಕರೆತಂದವರು. ನಮ್ಮ ಕುರ್ಚಿಗಳು ಮಧ್ಯದಲ್ಲಿದ್ದವು. ಇವರು ಅತ್ತ ತಿರುಗಿಯೂ ನೋಡದೆ ಪಕ್ಕದ ಗೋಡೆಯ ಹತ್ತಿರ ಹೋಗಿ, ಅಂಗೈಯಿಂದ ತಡವಿ ತಡವಿ ಒಂದು ಕಡೆ ನಿಂತರು. “ಇಲ್ಲೇ ಕಣೇ. ಆ ಕಡೆ ಮೂಟೆ. ನನ್ನ ತಲೆ ಇಲ್ಲಿರ್ತಿತ್ತು” ಎಂದರು. ಸರಿ, ನಾನೂ ಅಲ್ಲೇ ನಿಂತೆ.

ನಾಲ್ವರು ಬಂದರು. ಒಬ್ಬರ ತಲೆಯಲ್ಲಿ ಒಂದು ಕೂದಲಿಲ್ಲ, ಇನ್ನೊಬ್ಬರು ಕುರ್ಚಿಯ ಮೇಲೆ ಕೂತೇ ಗಿಟಾರು ಹಿಡಿದರು, ಹಾಡುವವರು ಕನ್ನಡಕ ಏರಿಸಿ ಇಳಿಸಿ ಮಾಡುತ್ತಿದ್ದರು. ಡ್ರಮ್ಮಿನವರು ಮಾತ್ರ ಗಟ್ಟಿ ಆಳು. ಯಾವ ಮಾತೂ ಆಡದೆ ಶುರುಮಾಡಿದರು. ಧಬ್, ಧಬ್, ಧಬಾಧಬ್.

ಅದು ನಮ್ಮ ಹಿಟ್ಟಿನ ತೊಟ್ಟಿಯ ಸದ್ದು! ಒಂದು ಗುದ್ದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇವರು ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದು, “ಮೂರನೇದು! ಇವತ್ತು ಇದನ್ನೇ ಮೊದ್ಲು ಹಾಡ್ತಿದಾರೆ!” ಎಂದು ಕಿವಿಯಲ್ಲಿ ಹೇಳಿ ಕಣ್ಣು ಮುಚ್ಚಿದರು. ಆ ಮುಖ ನೋಡಬೇಕಿತ್ತು ನೀವು. ಇಪ್ಪತ್ತರ ಹುಡುಗನ ಮುಖ. ರಾಗ ಶುರುವಾಗುವ ಜಾಗ ನನಗೂ ಗೊತ್ತಿತ್ತು. ನಾನೂ ಕಾದೆ.

ಹಾಡುವವರು ಬಾಯಿ ತೆರೆದರು. ಬಂದದ್ದು ಬೇರೆಯೇ ಏನೋ.

ಕೆಟ್ಟದಾಗಿತ್ತು ಎನ್ನಲಾರೆ. ಪುಟಪುಟ ಕುಣಿಯುವ, ಒಮ್ಮೆ ಕೇಳಿದರೆ ಬಾಯಿಗೆ ಅಂಟಿಕೊಳ್ಳುವ, ಸೋಪಿನ ಜಾಹೀರಾತಿಗೆ ಹಾಕಬಹುದಾದಂಥ ರಾಗ. ಜನ ಚಪ್ಪಾಳೆ ತಟ್ಟುತ್ತ ಜೊತೆಗೆ ಹಾಡಿದರು. ಇವರು ಕಣ್ಣು ಬಿಟ್ಟರು. ಮೊದಲು ಯಾರೋ ತಮಾಷೆ ಮಾಡುತ್ತಿದ್ದಾರೆ ಎನ್ನುವ ಹಾಗೆ ನಕ್ಕರು. ಆಮೇಲೆ ತಮ್ಮ ರಾಗ ಎತ್ತಿದರು, ಜೋರಾಗಿಯೇ. ಅದು ಕೆಳಗಿನಿಂದ ನಿಧಾನವಾಗಿ ಹತ್ತಿ, ಮೇಲೆ ಹೋಗಿ ಒಂದು ಗಳಿಗೆ ಉಸಿರು ಹಿಡಿದು ನಿಂತು, ಇಳಿಯಲೋ ಬೇಡವೋ ಎಂದು ಇಳಿಯುವ ರಾಗ. ಮುಂದಿನ ಸಾಲಿನ ಹುಡುಗಿ ತಿರುಗಿ, “ಅಂಕಲ್, ಪ್ಲೀಸ್” ಎಂದಳು.

“ಅವ್ರು ತಪ್ಪು ಹಾಡ್ತಿದಾರಮ್ಮ” ಎಂದರು ಇವರು.

ಎರಡನೆಯ ಹಾಡೂ ಹಾಗೇ ಆಯಿತು. ಅದರ ಮುಂದಿನದೂ. ಡ್ರಮ್ಮು ಶುರುವಾದ ಕೂಡಲೇ ಇವರ ಮುಖ ಅರಳುವುದು, ಹಾಡು ಶುರುವಾದ ಕೂಡಲೇ ಬಾಡುವುದು. ಆಗ ನನಗೆ ಹೊಳೆಯಿತು. ಆ ದಪ್ಪ ಗೋಡೆಯನ್ನು ದಾಟಿ ಬರುತ್ತಿದ್ದುದು ಡ್ರಮ್ಮಿನ ಗುದ್ದು, ದಪ್ಪ ತಂತಿಯ ಗಿಟಾರಿನ ಗುಂಯ್ ಅಷ್ಟೇ. ಹಾಡುವವನ ಗಂಟಲು ಇಟ್ಟಿಗೆಯಲ್ಲೇ ಉಳಿದುಬಿಡುತ್ತಿತ್ತು. ಮೇಲಿನ ರಾಗವನ್ನೆಲ್ಲ ಮೂಟೆಯ ಮೇಲೆ ಬಿದ್ದಿದ್ದ ಈ ಮನುಷ್ಯ ತಾವೇ ಹೊಂದಿಸಿಕೊಂಡಿದ್ದರು. ಹೊಂದಿಸಿಕೊಳ್ಳುತ್ತಿದ್ದೇನೆ ಎಂದು ಅವರಿಗೇ ತಿಳಿದಿರಲಿಲ್ಲ. ಅಲ್ಲಿ ನಿಂತು ಎರಡನ್ನೂ ಒಟ್ಟಿಗೆ ಕೇಳಿದವಳು ನಾನು. ಇವರದೇ ಚೆನ್ನಾಗಿತ್ತು. ಎಷ್ಟೋ ಚೆನ್ನಾಗಿತ್ತು.

ಅದನ್ನು ಆಗಲೇ ಹೇಳಬೇಕಿತ್ತು. ಆದರೆ ಇವರು ಕೈಕಟ್ಟಿ, ತುಟಿ ಬಿಗಿದು, ಮೋಸಹೋದವರ ಹಾಗೆ ವೇದಿಕೆಯನ್ನು ದುರುಗುಟ್ಟುತ್ತಿದ್ದರು. ಏನು ಹೇಳಿದರೂ ಜಗಳವೇ ಆಗುತ್ತಿತ್ತು. ಕೊನೆಯ ಹಾಡು ಮುಗಿಯುವವರೆಗೂ ಹಾಗೇ ನಿಂತರು.

ಹೊರಗೆ ಬಂದಾಗ ಪಕ್ಕದ ಓಣಿಯ ಮೆಟ್ಟಿಲ ಮೇಲೆ ಡ್ರಮ್ಮಿನವರು ಕೂತು ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಇವರು ನೇರ ಅವರ ಮುಂದೆ ಹೋಗಿ ನಿಂತರು.

“ಹಾಡುಗಳನ್ನೆಲ್ಲ ಯಾಕೆ ಬದಲಾಯಿಸಿದ್ರಿ?”

“ಬದಲಾಯ್ಸೋದಾ? ಇಲ್ಲ ಸಾರ್. ಅವತ್ತು ಹೇಗಿತ್ತೋ ಹಾಗೇ ಇದೆ. ಹೊಸದು ಕಲಿಯೋ ವಯಸ್ಸಾ ನಮ್ದು?”

“ಇವತ್ತು ಮೊದ್ಲು ಹಾಡಿದ್ರಲ್ಲ, ನಿಮ್ಮ ಮೂರನೇದು, ಅದರಲ್ಲಿ ಮೇಲೆ ಹೋಗಿ ನಿಲ್ತಿತ್ತಲ್ಲ?”

“ಎಲ್ಲಿ?”

ಇವರು ಓಣಿಯ ಗೋಡೆಯ ಮೇಲೆ ಅಂಗೈ ಬಡಿಯುತ್ತ ಗುನುಗಿದರು. ಪೂರ್ತಿ, ಮೊದಲಿಂದ ಕೊನೆವರೆಗೆ. ಡ್ರಮ್ಮಿನವರು ಟವೆಲ್ಲು ಕೆಳಗಿಟ್ಟು, ತೊಡೆಯ ಮೇಲೆ ತಾಳ ಹಾಕುತ್ತ, ತಲೆ ತಗ್ಗಿಸಿ ಕೇಳಿದರು. ಮುಗಿದ ಮೇಲೆ, “ತುಂಬಾ ಚೆನ್ನಾಗಿದೆ. ಯಾರ್ದು ಇದು?” ಎಂದರು.

ಇವರು ತಿರುಗಿ ನಡೆದುಬಿಟ್ಟರು. “ಇವರದೇ” ಎಂದು ನಾನಾದರೂ ಹೇಳಬಹುದಿತ್ತು. ನಾನೂ ಹಿಂದೆಯೇ ಓಡಿದೆ.

ಮನೆಯಲ್ಲಿ ಭಾವ ಕರವಸ್ತ್ರವನ್ನು ಗದ್ದಕ್ಕೆ ಇಳಿಸಿಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಮೂರು ಟ್ರೇಗಳ ಮೇಲಿನ ಬಟ್ಟೆ ಒಣಗಿ ಹಿಟ್ಟಿಗೆ ಅಂಟಿಕೊಂಡಿತ್ತು. ಬೇರೆ ದಿನವಾಗಿದ್ದರೆ ಇವರು ಸೂರು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದರು. ಅವತ್ತು ಸುಮ್ಮನೆ ಬಟ್ಟೆ ಬಿಡಿಸಿದರು. ಭಾವ ಕಣ್ಣುಜ್ಜಿಕೊಂಡು, “ಹೇಗಿತ್ತೋ?” ಎಂದರು.

“ನೀನು ಆಗ ಎಲ್ಲಾ ಕೇಳಿದ್ದೆಯಲ್ಲ ಅಣ್ಣ. ಸರಿಯಾಗಿ ನೆನಪು ಮಾಡ್ಕೊಂಡು ಹೇಳು. ಅವು ನಿಜವಾಗ್ಲೂ ಹೀಗೇ ಇದ್ವಾ?”

“ಹೇಗೆ?”

ಇವರು ಕೈಬಿಟ್ಟರು. ಭಾವ ಒಂದು ಬನ್ನು ಕಟ್ಟಿಸಿಕೊಂಡು ಕೆಮ್ಮುತ್ತ ಮನೆಗೆ ಹೋದರು.

ಮಾರನೆಯ ಮಧ್ಯಾಹ್ನ ಒಳಗಿಂದ ಸದ್ದೇ ಇಲ್ಲ. ಹಿಟ್ಟು ತೊಟ್ಟಿಗೆ ಬೀಳುವ ಶಬ್ದ, ಮುಷ್ಟಿ ಒತ್ತುವ ಶಬ್ದ, ಅಷ್ಟೇ. ಸಿಟ್ಟು ಇಳಿಯಲಿ, ತಾನಾಗಿ ಶುರುವಾಗುತ್ತದೆ ಎಂದುಕೊಂಡೆ. ಮರುದಿನ ಧಬ್ ಧಬ್ ಶುರುವಾಯಿತು. ನಾನು ಲೆಕ್ಕ ಮಾಡುತ್ತಿದ್ದ ಕೈ ನಿಲ್ಲಿಸಿ ಕಿವಿಗೊಟ್ಟೆ. ಗುನುಗು ಬಂತು. ಬಂದದ್ದು ಆ ಪುಟಪುಟ ಕುಣಿಯುವ ರಾಗ. ಇವರು ತಟ್ಟನೆ ನಿಲ್ಲಿಸಿ, ಮತ್ತೆ ಧಬ್ ಧಬ್ ಎಂದು ಮೊದಲಿನಿಂದ ಹಿಡಿದರು. ಮತ್ತೆ ಅದೇ. ಹಿಟ್ಟನ್ನು ಎತ್ತಿ ತೊಟ್ಟಿಗೆ ರಪ್ಪೆಂದು ಅಪ್ಪಳಿಸಿದ್ದು ಕೌಂಟರಿಗೆ ಕೇಳಿಸಿತು. ವಾರಗಟ್ಟಲೆ ಇದೇ ನಡೆಯಿತು. ನಾಲಗೆಯ ತುದಿಯವರೆಗೆ ಬರುತ್ತದಂತೆ, ಅಷ್ಟರಲ್ಲಿ ಆ ಸೋಪಿನ ಹಾಡು ನಡುವೆ ನುಗ್ಗಿ ಎಲ್ಲ ತಿಂದುಹಾಕುತ್ತದಂತೆ. ಕಾರ್ಯಕ್ರಮ ತಪ್ಪಿಸಿಕೊಂಡೆ ಎಂಬ ದೂರು ಈಗ ಇವರ ಬಾಯಲ್ಲಿ ಇಲ್ಲ. ಆ ದೂರನ್ನಾದರೂ ಆಡಲಿ, ಹಲ್ಲಿನ ಡಾಕ್ಟರ ಮುಂದೆಯೇ ಆಡಲಿ ಎನಿಸುವಷ್ಟು ಮನೆ ಬಿಕೋ ಎನ್ನುತ್ತಿದೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಇವರು ಒಳಗಿಂದ ಕರೆದರು. ಹೋದೆ. ತೊಟ್ಟಿಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು.

“ನೀನು ದಿನಾ ಕೇಳ್ತಿದ್ದೆಯಲ್ಲ. ಮೂರನೇದು. ಒಂದು ಸಾಲು ಎತ್ತಿಕೊಡು, ಮುಂದೆ ನಾನು ಹಿಡ್ಕೊಳ್ತೀನಿ.”

ಅದೇನು ಮಹಾ ಎಂದುಕೊಂಡು ಬಾಯಿ ತೆರೆದೆ. ಕೆಳಗಿನಿಂದ ಹತ್ತುತ್ತದೆ ಎಂದು ಗೊತ್ತು. ಮೇಲೆ ಹೋಗಿ ನಿಲ್ಲುತ್ತದೆ ಎಂದೂ ಗೊತ್ತು. ಎಲ್ಲಿಂದ ಹತ್ತುವುದು, ಎಲ್ಲಿ ನಿಲ್ಲುವುದು? ಇವರು ನನಗಾಗಿ ತೊಟ್ಟಿಯ ಅಂಚಿಗೆ ಅಂಗೈ ಬಡಿದರು. ಧಬ್, ಧಬ್, ಧಬಾಧಬ್. ನನ್ನ ಗಂಟಲಿನಿಂದ ಹೊರಬಿದ್ದದ್ದು ಆ ಸೋಪಿನ ರಾಗವೇ. ನಿಲ್ಲಿಸಿ ಇನ್ನೊಮ್ಮೆ ಪ್ರಯತ್ನಿಸಿದೆ. ಮತ್ತೆ ಅದೇ ಬಂತು. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು.

ಇವರು ಬಡಿಯುವುದನ್ನು ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಒಂದಕ್ಕೆ ಎರಡು ತಿರುಗಿ ಬೈಯುತ್ತಿದ್ದೆ.

“ಮೂವತ್ತು ವರ್ಷ ಇಲ್ಲೇ ಇದ್ದೆಯಲ್ಲೇ,” ಎಂದರು, “ಒಂದು ಸಲಾನಾದ್ರೂ ಕೇಳ್ಲಿಲ್ವಾ?”